ಬೈಸಿಕಲ್ಲು ಬಂಡಿಯೇ?

ಕುಡಿದು ಕಾರು ಓಡಿಸಿದರೆ ದಂಡವುಂಟೆಂಬುದು ಈಗ ಮಕ್ಕಳಿಗೂ ಗೊತ್ತು. ಕುಡಿದು ಸೈಕಲ್ಲು ತುಳಿದರೆ? ಈ ಪ್ರಶ್ನೆ ಕೇಳಿದೊಡನೆ ನಗುವವರೇ ಹೆಚ್ಚು. ಆದರೆ ಇಂಗ್ಲೆಂಡಿನಲ್ಲಿ ಒಬ್ಬಾತ ಇದಕ್ಕಾಗಿ ಒಂದು ತಿಂಗಳ ಸೆರೆವಾಸಕ್ಕೆ ಗುರಿಯಾದನು. ಅದೂ ಸೈಕಲ್ಲನ್ನು ಏರಿದ್ದಕ್ಕಲ್ಲ, ತಳ್ಳಿಕೊಂಡು ಹೋಗಿದ್ದಕ್ಕೆ! ಜೀವಮಾನವಿಡೀ ವ್ಯಾಕರಣ ಬೋಧಿಸಿದ ನನಗೆ ಈ ಮೊಕದ್ದಮೆಯಲ್ಲಿ ಆಸಕ್ತಿ ಹುಟ್ಟಲು ಕಾರಣವಿದೆ. ಅದರ ತೀರ್ಪು ನಿಂತದ್ದು ಒಂದೇ ಒಂದು ಪದದ ಅರ್ಥದ ಮೇಲೆ.

1872ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಲೈಸೆನ್ಸಿಂಗ್ ಆ್ಯಕ್ಟ್ ಎಂಬ ಶಾಸನವನ್ನು ಮಾಡಿತು. ಅದರ 12ನೆಯ ವಿಧಿಯಂತೆ, ಬೀದಿಯಲ್ಲಿ ಬರಿದೇ ಕುಡಿದು ಸಿಕ್ಕಿಬಿದ್ದವನಿಗೆ ಮೊದಲ ಸಲ 10 ಷಿಲಿಂಗಿನವರೆಗೆ ಜುಲ್ಮಾನೆ. ಆದರೆ ಅವನ ವಶದಲ್ಲಿ ಬಂಡಿ, ಕುದುರೆ, ದನಕರು, ಉಗಿಯಂತ್ರ ಇಲ್ಲವೇ ಗುಂಡು ತುಂಬಿದ ಬಂದೂಕು ಇದ್ದರೆ 40 ಷಿಲಿಂಗಿನವರೆಗೆ ಜುಲ್ಮಾನೆ ಅಥವಾ ಒಂದು ತಿಂಗಳವರೆಗೆ ಸೆರೆ. ಈ ಪಟ್ಟಿಯಲ್ಲಿ ಬೈಸಿಕಲ್ಲಿನ ಹೆಸರಿಲ್ಲ. ಸರಪಳಿಯಿಂದ ಹಿಂದಿನ ಗಾಲಿ ತಿರುಗುವ, ಇಂದಿನ ಮಾದರಿಯ ಸೈಕಲ್ಲು ಬಳಕೆಗೆ ಬಂದದ್ದೇ 1885ರ ಸುಮಾರಿಗೆ.

ಹಾಗಾದರೆ ಶಾಸನ ಹೇಳುವ 'ಕ್ಯಾರೇಜ್', ಅಂದರೆ ಬಂಡಿ, ಎಂಬ ಪದದಲ್ಲಿ ಸೈಕಲ್ಲು ಸೇರುವುದೇ? ಅಲ್ಲಿನ ನ್ಯಾಯಾಲಯಗಳು ಎರಡು ಬಗೆಯ ಉತ್ತರ ಕೊಟ್ಟವು. 1879ರಲ್ಲಿ, ಅತಿವೇಗದ ಸವಾರಿಯ ಪ್ರಕರಣವೊಂದರಲ್ಲಿ, 1835ರ ಹೆದ್ದಾರಿ ಶಾಸನದ ಮಟ್ಟಿಗೆ ಬೈಸಿಕಲ್ಲು ಬಂಡಿಯೇ ಎಂದಾಯಿತು. ಮರುವರ್ಷವೇ ರಸ್ತೆ ಸುಂಕದ ಪ್ರಕರಣದಲ್ಲಿ ಅದು ಬಂಡಿಯಲ್ಲ ಎಂದಾಯಿತು! ವಿರೋಧವೆನಿಸಿದರೂ ಇದರಲ್ಲಿ ತರ್ಕವಿದೆ. ವೇಗದ ಶಾಸನ ಇದ್ದದ್ದು ದಾರಿಹೋಕರ ರಕ್ಷಣೆಗೆ, ಸುಂಕ ಇದ್ದದ್ದು ಹಣಕ್ಕೆ.

ಇಷ್ಟರ ಹಿನ್ನೆಲೆಯಲ್ಲಿ 1950ರ ಜನವರಿಗೆ ಬರೋಣ. ಡೆವನ್ ಸೀಮೆಯ ಕಡಲತೀರದ ಊರು ಇಲ್ಫ್ರಕೂಮ್. ಕುಡಿದ ಮನುಷ್ಯನೊಬ್ಬ ಅಲ್ಲಿನ ಬ್ರಾಡ್ ಸ್ಟ್ರೀಟಿನಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದನು. ಪೊಲೀಸರು ಹಿಡಿದರು, 1872ರ ಶಾಸನದಂತೆ ಒಂದು ತಿಂಗಳ ಸೆರೆ ವಿಧಿಸಲಾಯಿತು. ಸೈಕಲ್ಲು ಬಂಡಿಯಲ್ಲವೆಂದು ಆತ ಮಾಡಿದ ವಾದ ಮುಖ್ಯ ನ್ಯಾಯಾಧೀಶ ಲಾರ್ಡ್ ಗೊಡಾರ್ಡರ ಮುಂದೆಯೂ ಸೋತಿತು. ಹೊರುವಂಥದ್ದೆಲ್ಲ ಬಂಡಿಯೇ, ಶಾಸನದ ಉದ್ದೇಶ ಬೀದಿಯ ಜನರ ಸುರಕ್ಷತೆ ಎಂಬುದು ತೀರ್ಪಿನ ಸಾರ. ಅಕ್ಷರಕ್ಕಿಂತ ಆಶಯವನ್ನು ನೋಡುವ ಈ ಕ್ರಮಕ್ಕೆ ಉದಾಹರಣೆಯಾಗಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಈ ಪ್ರಕರಣವನ್ನು ಓದುತ್ತಾರೆ.

ಮುಂದೆ ಬ್ರಿಟನ್ನಿನಲ್ಲಿ ಸೈಕಲ್ಲಿಗೇ ಪ್ರತ್ಯೇಕ ವಿಧಿ ಬಂತು. 1988ರ ರೋಡ್ ಟ್ರಾಫಿಕ್ ಆ್ಯಕ್ಟಿನ 30ನೆಯ ವಿಧಿಯಂತೆ ಕುಡಿದು ಸೈಕಲ್ಲು ತುಳಿದವನಿಗೆ 1,000 ಪೌಂಡಿನವರೆಗೆ ಜುಲ್ಮಾನೆಯುಂಟು, ಸೆರೆಯಿಲ್ಲ. ಜಪಾನಿನಲ್ಲಾದರೋ 2024ರ ನವೆಂಬರಿನಿಂದ ಕಾನೂನು ಬಿಗಿಯಾಗಿದೆ. ಉಸಿರಿನ ಲೀಟರಿಗೆ 0.15 ಮಿಲಿಗ್ರಾಂ ಮದ್ಯಾಂಶವಿದ್ದರೆ ಸೈಕಲ್ ಸವಾರನಿಗೂ ಮೂರು ವರ್ಷದವರೆಗೆ ಸೆರೆಯಾಗಬಹುದು.

ನಮ್ಮಲ್ಲಿ? ಸೈಕಲ್ಲಿಗೆ ದೀಪವಿಲ್ಲ, ಪುರಸಭೆಯ ಬಿಲ್ಲೆಯಿಲ್ಲ, ಡಬಲ್ ರೈಡ್ ಎಂದು ಪೊಲೀಸರು ಹಿಡಿಯುತ್ತಿದ್ದ ಕಾಲ ನನ್ನ ವಯಸ್ಸಿನವರಿಗೆ ನೆನಪಿದೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 185ನೆಯ ವಿಧಿ ಹೇಳುವುದು ಮೋಟಾರು ವಾಹನವನ್ನು ಮಾತ್ರ. ಕಾಲಿನಿಂದ ತುಳಿಯುವ ಸೈಕಲ್ಲು ಅದರೊಳಗೆ ಬಾರದು. ಹಾಗೆಂದು ಕುಡಿದ ಸವಾರ ಕಾನೂನಿನ ಕೈಗೆ ಸಿಗದವನೇನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ವಿಧಿ ಯಾವುದೇ ವಾಹನದ ಅಪಾಯಕರ ಚಾಲನೆಗೆ ಅನ್ವಯಿಸುತ್ತದೆ. ಕುಡಿದು ಸಾರ್ವಜನಿಕರಿಗೆ ಉಪದ್ರವ ಕೊಡುವವನಿಗೆ 355ನೆಯ ವಿಧಿಯಿದೆ.

ಇಲ್ಫ್ರಕೂಮಿನ ತೀರ್ಪನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ಅಮಲೇರಿದವನ ಕೈಯ ಸೈಕಲ್ಲಿಗೆ ಮಗುವೋ ಮುದುಕರೋ ಸಿಕ್ಕಿದರೆ ಪೆಟ್ಟು ಪೆಟ್ಟೇ, ಆಶಯ ಸರಿ. ಆದರೆ ಬಡವನೊಬ್ಬನನ್ನು ಸೆರೆಗೆ ತಳ್ಳುವ ಮುನ್ನ, ಅವನಿಗೆ ಅರ್ಥವಾಗುವ ಮಾತಿನಲ್ಲಿ ಶಾಸನ ಎಚ್ಚರಿಸಿರಬೇಡವೇ? ನಮ್ಮ ಹಳ್ಳಿಗಳಲ್ಲಿ ಸೈಕಲ್ಲನ್ನು ಬಂಡಿಯೆಂದವರನ್ನು ನಾನಂತೂ ಕಾಣೆ. ಏರಿ ಹೋಗದೆ ತಳ್ಳಿಕೊಂಡು ಹೋದವನಿಗೆ ಅಷ್ಟು ವಿವೇಕವಾದರೂ ಉಳಿದಿತ್ತೇನೋ! ಕರಿಕೋಟು ತೊಟ್ಟಿರುವ ನನ್ನ ಶಿಷ್ಯರು ಇದಕ್ಕೆ ಏನನ್ನುವರೋ ತಿಳಿಯುವ ಆಸೆ ನನಗಿದೆ.