ಸುಲೋಚನದಿಂದ ಲೇಸರಿನವರೆಗೆ: ಸೈನ್ಯ ಸೇರುವವರ ಕಣ್ಣಿನ ಕಥೆ

ಮಳೆಗಾಲದಲ್ಲಿ ಕನ್ನಡಕ ಧರಿಸಿ ಚಾರ್ಮಾಡಿ ಘಾಟಿಯನ್ನು ಇಳಿದವರು ನಿಮ್ಮಲ್ಲಿದ್ದರೆ, ಈ ಲೇಖನದ ಅರ್ಧ ವಿಷಯವನ್ನು ನಾನು ಹೇಳುವ ಮೊದಲೇ ಬಲ್ಲಿರಿ. ಕೊಟ್ಟಿಗೆಹಾರವನ್ನು ದಾಟುತ್ತಲೇ ಗಾಜಿನ ಹೊರಗಡೆ ಮಂಜು ಕವಿಯುವುದು, ಒಳಗಡೆ ನಮ್ಮದೇ ಉಸಿರಿನ ಹಬೆ ಕವಿಯುವುದು. ಒರೆಸಿದರೆ ಒಂದು ಗಳಿಗೆ ದಾರಿ ಕಾಣುವುದು, ಮತ್ತೆ ಮಬ್ಬು. ಬಸ್ಸಿನಲ್ಲಿ ಕುಳಿತ ಮೇಷ್ಟ್ರಿಗೆ ಇದರಿಂದಾಗುವ ನಷ್ಟ ದೊಡ್ಡದಲ್ಲ. ಆದರೆ ಬಂದೂಕು ಹಿಡಿದು ಗಡಿಯಲ್ಲಿ ನಿಂತವನಿಗೆ, ಆಮ್ಲಜನಕದ ಮುಖವಾಡ ತೊಟ್ಟು ವಿಮಾನ ನಡೆಸುವವನಿಗೆ, ಆ ಒಂದು ಗಳಿಗೆಯೇ ಪ್ರಾಣದ ಮಾತು. ಸೈನ್ಯಕ್ಕೂ ಕನ್ನಡಕಕ್ಕೂ ಇರುವ ಹಳೆಯ ವಿರಸಕ್ಕೆ ಕಾರಣ ಇದೇ.

ಈ ವಿಷಯವನ್ನು ನಾನು ಓದತೊಡಗಿದ್ದು ಒಬ್ಬ ಶಿಷ್ಯನ ದೆಸೆಯಿಂದ. ಕೆಲವು ವರ್ಷಗಳ ಕೆಳಗೆ, ಮೂಡಿಗೆರೆಯ ಸಮೀಪದ ಹಳ್ಳಿಯ ಹುಡುಗನೊಬ್ಬ ಹದಿನೆಂಟು ತುಂಬುತ್ತಲೇ ಲೇಸರ್ ಚಿಕಿತ್ಸೆ ಮಾಡಿಸಿಕೊಂಡು ಬಂದು ನನ್ನೆದುರು ನಿಂತ. ಮೂಗಿನ ಮೇಲೆ ಕನ್ನಡಕದ ಗುರುತು ಇನ್ನೂ ಆರಿರಲಿಲ್ಲ. "ಮೇಷ್ಟ್ರೇ, ಇನ್ನು ವಾಯುಪಡೆಗೆ ಅಡ್ಡಿಯಿಲ್ಲ" ಎಂದ. ನಾನೂ "ಭೇಷ್" ಎಂದೆ. ಬರೆಹದ ಪರೀಕ್ಷೆಯಲ್ಲಿ ಗೆದ್ದ, ಓಟದಲ್ಲಿ ಗೆದ್ದ, ವೈದ್ಯರ ಎದುರು ಸೋತ. ದೃಷ್ಟಿ ಶುದ್ಧವಾಗಿಯೇ ಇತ್ತು. ಚಿಕಿತ್ಸೆಯ ಗುರುತೇ ಅವನನ್ನು ಹೊರಗಿಟ್ಟಿತು. ನಿಯಮವನ್ನು ಮೊದಲು ಓದಿ ಹೇಳುವವರು ಅವನಿಗೆ ಯಾರೂ ಇರಲಿಲ್ಲ. ಇರಬೇಕಾಗಿದ್ದ ನಾನು "ಭೇಷ್" ಎಂದಿದ್ದೆ. ಆದಕಾರಣ ಈ ಕಥೆಯನ್ನು ಮೊದಲಿನಿಂದ ಹೇಳುವುದು ನನ್ನ ಋಣವೆಂದು ತಿಳಿದಿದ್ದೇನೆ.

ಕನ್ನಡಕಕ್ಕೆ ನಮ್ಮ ಹಿರಿಯರು ಸುಲೋಚನವೆಂದು ಹೆಸರಿಟ್ಟಿದ್ದರು. ಹದಿಮೂರನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿದ ಈ ಸಾಧನ ಕನ್ನಡ ನಾಡಿಗೆ ಬಂದುದು ತಡವಾಗಿಯೇನೂ ಅಲ್ಲ. ವಿಜಯನಗರದ ರಾಜಗುರುಗಳಾಗಿದ್ದ, ಬನ್ನೂರಿನಲ್ಲಿ ಹುಟ್ಟಿದ ಶ್ರೀ ವ್ಯಾಸರಾಯರು ೧೫೨೦ರ ಸುಮಾರಿಗೆ ಇಂಥ ಗಾಜಿನ ನೆರವಿನಿಂದ ಗ್ರಂಥ ಓದುತ್ತಿದ್ದ ಸಂಗತಿ ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ದಲ್ಲಿ ಬಂದಿದೆ. ಓದುವ ಯತಿಗೆ ಅದು ವರವಾಯಿತು. ಹೊಡೆದಾಡುವ ಯೋಧನಿಗೆ ಆ ವರ ಮೂಗಿನ ಮೇಲೆ ನಿಲ್ಲಲಿಲ್ಲ. ಗಾಜನ್ನು ಕಣ್ಣಿನ ಮುಂದೆ ಇಡುವ ಬದಲು ಕಣ್ಣನ್ನೇ ತಿದ್ದಬಾರದೇಕೆ ಎಂಬ ಪ್ರಶ್ನೆ ಅಂದಿನಿಂದಲೇ ಕಾದುಕುಳಿತಿತ್ತು.

ತಿದ್ದುವುದೆಂದರೆ ಏನು? ಕಣ್ಣಿನ ಮುಂಭಾಗದಲ್ಲಿ, ಗಡಿಯಾರದ ಮೇಲಿನ ಗಾಜಿನಂತೆ, ಪಾರದರ್ಶಕವಾದ ಒಂದು ಪೊರೆಯಿದೆ. ಇದನ್ನು ವೈದ್ಯರು ಕಾರ್ನಿಯ ಎನ್ನುವರು. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕಣ್ಣುಗುಡ್ಡೆ ಅಳತೆಮೀರಿ ಉದ್ದವಾಗಿ ಬೆಳೆದರೆ ದೂರದ ವಸ್ತುವಿನ ಬಿಂಬವು ಹಿಂದಿನ ಅಕ್ಷಿಪಟಲವನ್ನು ಮುಟ್ಟದೆ ಮುಂದೆಯೇ ನಿಲ್ಲುವುದು. ಇದೇ ಸಮೀಪದೃಷ್ಟಿ. ಕಾರ್ನಿಯದ ಉಬ್ಬನ್ನು ಸ್ವಲ್ಪ ತಗ್ಗಿಸಿದರೆ ಬಿಂಬ ಹಿಂದೆ ಸರಿದು ತನ್ನ ನೆಲೆಗೆ ಬರುವುದು. ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ತೆಗೆಯುತ್ತಿದ್ದ ಮುಪ್ಪಿನ ಪೊರೆಯೇ ಬೇರೆ. ಅದು ಕಣ್ಣಿನೊಳಗಿನ ಮಸೂರ ಮಬ್ಬಾದುದರ ಚಿಕಿತ್ಸೆ. ಇದು ಆರೋಗ್ಯವಾಗಿಯೇ ಇರುವ ಕಾರ್ನಿಯದ ಆಕಾರವನ್ನು ಬದಲಿಸುವ ಕೆಲಸ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲು ಈ ಕೆಲಸಕ್ಕೆ ಕೈಹಾಕಿದವರ ಆಯುಧ ಕತ್ತಿ. ಕಾರ್ನಿಯವನ್ನು ಗೀರಿ ಅದರ ಬಾಗನ್ನು ಬದಲಿಸುವ ತತ್ತ್ವವನ್ನು ಹಾಲೆಂಡಿನ ಲಾನ್ಸ್ ಎಂಬ ವೈದ್ಯ ೧೮೯೮ರಲ್ಲಿ ವಿವರಿಸಿದ. ಜಪಾನಿನ ಸಾಟೋ ಎಂಬ ವೈದ್ಯ ೧೯೩೦ರ ದಶಕದ ಕೊನೆಯಿಂದ ಕಾರ್ನಿಯದ ಹೊರಮೈಯ ಜೊತೆಗೆ ಒಳಮೈಯನ್ನೂ ಗೀರಿದ. ರೋಗಿಗಳಿಗೆ ಕಣ್ಣು ಕಂಡಿತು, ಹೊಗಳಿಕೆಯೂ ಬಂದಿತು. ಆದರೆ ಒಳಮೈಯ ಜೀವಕೋಶಗಳು ಒಮ್ಮೆ ಅಳಿದರೆ ಮತ್ತೆ ಹುಟ್ಟವು. ವರ್ಷಗಳು ಉರುಳಿದ ಮೇಲೆ ಬಹುಮಂದಿಯ ಕಾರ್ನಿಯ ನೀರು ತುಂಬಿ ಊದಿಕೊಂಡು ಮಬ್ಬಾಯಿತು.

೧೯೭೦ರ ದಶಕದಲ್ಲಿ ಮಾಸ್ಕೋ ನಗರದ ಫ್ಯೋದೊರೋವ್ ಒಳಮೈಯನ್ನು ಮುಟ್ಟದೆ, ಹೊರಮೈಯಲ್ಲಿ ಮಾತ್ರ ಚಕ್ರದ ಅರಗಳಂತೆ ಗೀರುಗಳನ್ನು ಹಾಕುವ ವಿಧಾನವನ್ನು ಬಳಕೆಗೆ ತಂದ. ಇದಕ್ಕೆ ರೇಡಿಯಲ್ ಕೆರಟಾಟಮಿ ಎಂದು ಹೆಸರು. ಜಗತ್ತಿನಾದ್ಯಂತ ಜನ ಇದನ್ನು ಮಾಡಿಸಿಕೊಂಡರು. ಇದಕ್ಕೂ ಕಾಲವೇ ತೀರ್ಪು ಕೊಟ್ಟಿತು. ಹತ್ತು ವರ್ಷ ನಡೆಸಿ ೧೯೯೪ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ನೂರಕ್ಕೆ ೪೩ ಕಣ್ಣುಗಳ ನಂಬರು ಒಂದು ಡಯಾಪ್ಟರು ಅಥವಾ ಅದಕ್ಕಿಂತ ಹೆಚ್ಚಾಗಿ ಎದುರು ದಿಕ್ಕಿಗೆ ಜರುಗಿತ್ತು. ೧೯೯೬ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಲು ಹೋದ ಬೆಕ್ ವೆದರ್ಸ್ ಎಂಬ ಅಮೆರಿಕದ ವೈದ್ಯನಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಎತ್ತರದ ತೆಳುಗಾಳಿಯಲ್ಲಿ ಗೀರಿದ ಕಾರ್ನಿಯದ ಆಕಾರ ಬದಲಾಗಿ ಅವನಿಗೆ ದಾರಿ ಕಾಣದಾಯಿತು. ಹಿಮಬಿರುಗಾಳಿಗೆ ಸಿಕ್ಕಿ, ಸತ್ತನೆಂದು ಜೊತೆಗಾರರು ಬಿಟ್ಟುಹೋದರೂ ಬದುಕಿ ಬಂದ. ಬಲಗೈಯನ್ನು ಮೊಣಕೈಯಿಂದ ಕೆಳಗೆ ಕಳೆದುಕೊಂಡ. ಸಿಯಾಚಿನ್ ಹಿಮನದಿಯಲ್ಲಿ ಕಾವಲಿರುವ ಸೈನ್ಯವೊಂದು ಈ ಬಗೆಯ ಚಿಕಿತ್ಸೆಯಾದವರನ್ನು ಏಕೆ ಒಲ್ಲದೆಂದು ಮತ್ತೆ ವಿವರಿಸಬೇಕೆ?

ಇನ್ನು ಬೆಳಕಿನ ಕತ್ತಿಯ ಮಾತು. ೧೯೬೦ರಲ್ಲಿ ಅಮೆರಿಕದ ಮೇಮನ್ ಮೊದಲ ಲೇಸರನ್ನು ಬೆಳಗಿಸಿದ. ೧೯೮೧ರ ನವೆಂಬರಿನಲ್ಲಿ, ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ, ನಮ್ಮ ನೆರೆಯ ಮದರಾಸಿನಲ್ಲಿ ಹುಟ್ಟಿ ಓದಿದ ರಂಗಸ್ವಾಮಿ ಶ್ರೀನಿವಾಸನ್, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಚೂರೊಂದನ್ನು ತಂದು ಅದರ ಮೇಲೆ ಎಕ್ಸೈಮರ್ ಲೇಸರನ್ನು ಹಾಯಿಸಿದರು. ೧೯೩ ನ್ಯಾನೊಮೀಟರಿನ ಆ ಅತಿನೇರಳೆ ಕಿರಣ ಸುತ್ತಲಿನ ಮಾಂಸವನ್ನು ಸುಡದೆ, ಬಿದ್ದ ಜಾಗವನ್ನಷ್ಟೇ ನವಿರಾಗಿ ಸವೆಸಿತು. ಟ್ರೋಕೆಲ್ ಎಂಬ ನೇತ್ರವೈದ್ಯರು ಅವರೊಡಗೂಡಿ ಇದು ಕಾರ್ನಿಯಕ್ಕೆ ಒಪ್ಪುವುದೆಂದು ೧೯೮೩ರಲ್ಲಿ ತೋರಿಸಿದರು.

ಲೇಸರಿನಿಂದ ಕ್ರಮವಾಗಿ ಮೂರು ವಿಧಾನಗಳು ಹುಟ್ಟಿದವು. ಮೊದಲನೆಯದಾದ ಪಿಆರ್‌ಕೆಯಲ್ಲಿ ಮೇಲಿನ ತೆಳುಚರ್ಮವನ್ನು ತೆಗೆದು ಕೆಳಗಿನ ಭಾಗವನ್ನು ಲೇಸರಿನಿಂದ ಸವೆಸುವರು. ಚರ್ಮ ಮರಳಿ ಬೆಳೆಯುವವರೆಗೆ ಕೆಲವು ದಿನ ಉರಿ, ನೋವು. ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಎರಡನೆಯದು ಲಾಸಿಕ್. ಗ್ರೀಸಿನ ಪಲ್ಲಿಕಾರಿಸ್ ೧೯೯೦ರ ಸುಮಾರಿಗೆ ರೂಪಿಸಿದ ಈ ವಿಧಾನದಲ್ಲಿ ಕಾರ್ನಿಯದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಒಳಗೆ ಸವೆಸಿ, ಮತ್ತೆ ಮುಚ್ಚುವರು. ಮರುದಿನವೇ ಕಣ್ಣು ಕಾಣುವುದು, ನೋವು ಕಡಿಮೆ. ಆದರೆ ಆ ಹಾಳೆ ಮೊದಲಿನ ಬಿಗಿಯಿಂದ ಎಂದೂ ಕೂಡಿಕೊಳ್ಳದು. ಬಲವಾದ ಪೆಟ್ಟು ಬಿದ್ದರೆ ವರ್ಷಗಳ ಮೇಲೂ ಜರುಗಬಹುದು. ಅಮೆರಿಕದಲ್ಲಿ ೨೦೧೬ರಲ್ಲಿ ಒಪ್ಪಿಗೆ ಪಡೆದ ಮೂರನೆಯದು ಸ್ಮೈಲ್. ಹಾಳೆ ಎತ್ತದೆ, ಸಣ್ಣ ಸೀಳೊಂದರ ಮೂಲಕ ಒಳಗಿನ ತೆಳು ಬಿಲ್ಲೆಯೊಂದನ್ನು ಹೊರತೆಗೆಯುವುದು ಇದರ ರೀತಿ. ಯಾವುದನ್ನು ಆರಿಸಿದರೂ ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಪ್ರಭೆ ಕಾಣುವುದು ಕೆಲವರಿಗೆ ಇದ್ದದ್ದೇ.

ಸೈನಿಕನಿಗೆ ಇವುಗಳಲ್ಲಿ ಯಾವುದು ಹಿತ? ಅಮೆರಿಕದ ನೌಕಾಪಡೆ ೧೯೯೩ರಲ್ಲಿ ತನ್ನವರ ಮೇಲೆಯೇ ಪಿಆರ್‌ಕೆಯನ್ನು ಪರೀಕ್ಷಿಸತೊಡಗಿತು. ಜರುಗುವ ಹಾಳೆಯೇ ಇಲ್ಲದ ಪಿಆರ್‌ಕೆ, ನೋವು ಹೆಚ್ಚಾದರೂ, ಹೊಡೆದಾಟದ ಕೆಲಸದವರಿಗೆ ಒಪ್ಪುವುದೆಂಬ ಅಭಿಪ್ರಾಯ ಅಲ್ಲಿ ಬೇರೂರಿತು. ೨೦೦೭ರಲ್ಲಿ ನಾಸಾ ಸಂಸ್ಥೆಯು ಗಗನಯಾತ್ರಿಗಳಿಗೂ ಲೇಸರ್ ಚಿಕಿತ್ಸೆಯನ್ನು ಒಪ್ಪಿತು. ಕಾದು, ಅಳೆದು, ಆಮೇಲೆ ಒಪ್ಪಿದರೆಂಬುದನ್ನು ಗಮನಿಸಿರಿ.

ನಮ್ಮ ದೇಶದಲ್ಲಿಯೂ ಹಾಗೆಯೇ. ವೈಮಾನಿಕರ ದೇಹಧರ್ಮವನ್ನು ಅಭ್ಯಸಿಸುವ ವಾಯುಪಡೆಯ ಸಂಸ್ಥೆ ೧೯೫೭ರಿಂದ ಬೆಂಗಳೂರಿನಲ್ಲಿಯೇ ಇದೆ. ಪದವಿ ಮುಗಿಸಿ ಅಧಿಕಾರಿಗಳಾಗಲು ಬರುವವರ ವಿಷಯದಲ್ಲಿ ನಿಯಮಗಳು ಸಾಮಾನ್ಯವಾಗಿ ಕೇಳುವುದಿಷ್ಟು: ಚಿಕಿತ್ಸೆಯ ಕಾಲಕ್ಕೆ ೨೦ ವರ್ಷ ತುಂಬಿರಬೇಕು, ಆ ಮೇಲೆ ೧೨ ತಿಂಗಳು ಕಳೆದಿರಬೇಕು, ಕಾರ್ನಿಯದ ನಡುಭಾಗ ೪೫೦ ಮೈಕ್ರಾನಿಗಿಂತ ತೆಳುವಾಗಿರಕೂಡದು, ಉಳಿದ ನಂಬರು ಒಂದು ಡಯಾಪ್ಟರನ್ನು ಮೀರಕೂಡದು, ಅಕ್ಷಿಪಟಲ ಆರೋಗ್ಯವಾಗಿರಬೇಕು. ಕಣ್ಣುಗುಡ್ಡೆಯ ಉದ್ದವನ್ನೂ ಅಳೆಯುವರು. ಲೇಸರು ಮುಂಭಾಗವನ್ನು ತಿದ್ದೀತೇ ಹೊರತು ಉದ್ದವಾದ ಗುಡ್ಡೆಯನ್ನು ಗಿಡ್ಡ ಮಾಡಲಾರದು; ಎಳೆದು ತೆಳುವಾದ ಅಕ್ಷಿಪಟಲ ಹರಿಯುವ ಅಪಾಯ ಕನ್ನಡಕ ಹೋದಮೇಲೂ ಉಳಿಯುವುದು. ಸಾಮಾನ್ಯವಾಗಿ ೧೬ರಿಂದ ೧೯ರ ಪ್ರಾಯದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋಗುವವರಿಗೆ ಈ ದಾರಿಯೇ ಇಲ್ಲ. ೨೦೨೨ರಲ್ಲಿ ಆರಂಭವಾದ ಯೋಜನೆಯಡಿ ಹೊರಟ ಅಗ್ನಿವೀರವಾಯು ಪ್ರಕಟಣೆಗಳಲ್ಲಿಯೂ ಕಾರ್ನಿಯದ ಶಸ್ತ್ರಚಿಕಿತ್ಸೆ ಒಪ್ಪಿತವಲ್ಲವೆಂದು ಬರೆದಿದೆ.

ಇಪ್ಪತ್ತು ವರ್ಷವೆಂಬ ಎಲ್ಲೆ ಅಧಿಕಾರಿಗಳ ಮೊಂಡುತನದಿಂದ ಬಂದುದಲ್ಲ. ಬೆಳೆಯುವ ಪ್ರಾಯದಲ್ಲಿ ಕಣ್ಣೂ ಬೆಳೆಯುವುದು, ನಂಬರೂ ಏರುವುದು. ಒಂದು ಡಯಾಪ್ಟರಿಗೆ ಸುಮಾರು ೧೨ರಿಂದ ೧೫ ಮೈಕ್ರಾನು ಕಾರ್ನಿಯ ಸವೆಯುತ್ತದೆ. ಇಂದು ಸವೆಸಿ, ನಾಳೆ ನಂಬರು ಏರಿದರೆ, ಮತ್ತೆ ಸವೆಸಲು ಅರ್ಧ ಮಿಲಿಮೀಟರಿನ ಗಂಟಿನಲ್ಲಿ ಉಳಿದಿರುವುದೆಷ್ಟು? ಸಾಟೋ ಕಾಲದಿಂದಲೂ ಆತುರಕ್ಕೆ ತೆತ್ತ ಬೆಲೆಯೇ ಈ ನಿಯಮಗಳಲ್ಲಿ ಅಡಗಿದೆ.

ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ ಇನ್ನೊಬ್ಬ ಹುಡುಗ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದ. ಹದಿನೆಂಟು ವರ್ಷ, ನಂಬರು ಮೂರೂವರೆ. "ಮೆಣಸು ಮಾರಿದ ದುಡ್ಡಿದೆ ಮೇಷ್ಟ್ರೇ, ಬೆಂಗಳೂರಿಗೆ ಹೋಗಿ ಮಾಡಿಸಿಬಿಡೋಣ ಅಂತ" ಎಂದರು ತಂದೆ. ಹೋದ ವರ್ಷದ ಚೀಟಿ ತರಿಸಿ ನೋಡಿದೆ. ಆಗ ಎರಡೂಮುಕ್ಕಾಲು ಇತ್ತು. "ಗೌಡರೇ, ಇವನ ಕಣ್ಣು ಇನ್ನೂ ನಿಂತಿಲ್ಲ. ದುಡ್ಡು ಬ್ಯಾಂಕಿನಲ್ಲಿರಲಿ, ಹುಡುಗ ಪದವಿ ಮುಗಿಸಲಿ" ಎಂದೆ. ಹುಡುಗನ ಮುಖ ಬಾಡಿತು. ಕನ್ನಡಕವಿದ್ದೂ ಸೇರಬಹುದಾದ ಶಾಖೆಗಳು ಸೈನ್ಯದಲ್ಲಿ ಹಲವುಂಟು ಎಂದುದಕ್ಕೆ ಅವನು ಉತ್ತರ ಕೊಡಲಿಲ್ಲ. ಈಗ ಚಿಕ್ಕಮಗಳೂರಿನ ಕಾಲೇಜಿಗೆ ಸೇರಿದ್ದಾನೆ. ನನ್ನ ಮೇಲೆ ಮುನಿಸಿದ್ದರೂ ಇರಲಿ.

ನಿಮ್ಮ ಮನೆಯಲ್ಲೂ ಇಂಥ ಆಸೆಯ ಮಕ್ಕಳಿದ್ದರೆ, ಆಸ್ಪತ್ರೆಗೆ ಹೋಗುವ ಮೊದಲು ತಾವು ಸೇರಬಯಸುವ ಶಾಖೆಯ ಆ ವರ್ಷದ ಪ್ರಕಟಣೆಯನ್ನು ತರಿಸಿ ಓದಿಸಿರಿ. ನಿಯಮಗಳು ಆಗಾಗ ಬದಲಾಗುವುವು. ಚಿಕಿತ್ಸೆಗೆ ಮುಂಚಿನ ನಂಬರು, ಕಾರ್ನಿಯದ ದಪ್ಪ, ಕಣ್ಣಿನ ಉದ್ದ, ಇವನ್ನು ವೈದ್ಯರಿಂದ ಬರೆಸಿ ಜೋಪಾನವಾಗಿ ಇಡಿರಿ. ನನ್ನ ಮೊದಲ ಶಿಷ್ಯ ಈಗ ತಂದೆಯ ತೋಟ ನೋಡಿಕೊಳ್ಳುತ್ತಾನೆ. ಎದುರುಗುಡ್ಡದ ಮೇಲಿನ ಹಕ್ಕಿಯನ್ನು ಇಲ್ಲಿಂದಲೇ ಗುರುತಿಸಬಲ್ಲ. ಆಕಾಶದಲ್ಲಿ ವಿಮಾನದ ಸದ್ದಾದಾಗ ಮಾತ್ರ ತಲೆಯೆತ್ತುವುದಿಲ್ಲ.