ಜಲ್ಲಿಗಣಿಯ ನೀಲಿ ಹರಳು

ಪುಣೆ ನಗರದ ಈಶಾನ್ಯಕ್ಕಿರುವ ವಾಘೋಲಿಯ ಕಲ್ಲುಗಣಿಗಳಿಂದ ತೆಗೆದ ಕಪ್ಪು ಶಿಲೆ ಜಲ್ಲಿಯಾಗಿ ರಸ್ತೆ, ಕಟ್ಟಡಗಳನ್ನು ಸೇರಿತು. ಅದೇ ಶಿಲೆಯ ಪೊಟರೆಗಳಲ್ಲಿ ಸಿಕ್ಕ ಕಡುನೀಲಿ ಹರಳುಗಳು ಮಾತ್ರ ದೇಶವಿದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಕ್ಯಾವನ್ಸೈಟ್ ಎಂಬ ಈ ಖನಿಜ ಪ್ರಪಂಚದಲ್ಲಿ ಸಿಗುವುದು ಬೆರಳೆಣಿಕೆಯ ಸ್ಥಳಗಳಲ್ಲಿ.

ಇದು ಮೊದಲು ವಿಜ್ಞಾನದ ಗಮನಕ್ಕೆ ಬಂದದ್ದು ಭಾರತದಲ್ಲಲ್ಲ. ಅಮೆರಿಕದ ಆರೆಗಾನ್ ರಾಜ್ಯದ ಜ್ವಾಲಾಮುಖಿ ಶಿಲೆಗಳಲ್ಲಿ ದೊರೆತ ಮಾದರಿಗಳನ್ನು ಅಭ್ಯಸಿಸಿದ ಸ್ಟೇಪಲ್ಸ್, ಇವಾನ್ಸ್ ಮತ್ತು ಲಿಂಡ್ಸೆ 1973ರಲ್ಲಿ ಅದರ ವಿವರ ಪ್ರಕಟಿಸಿದರು. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್ ಎಂಬ ಮೂರು ಪದಗಳ ಮೊದಲ ಭಾಗಗಳು ಕೂಡಿ ಹೆಸರಾಯಿತು. ವಾಘೋಲಿಯ ಹರಳುಗಳು ಪ್ರಸಿದ್ಧಿಗೆ ಬಂದದ್ದು ಆ ಬಳಿಕ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯ ಮೇಲೆ ಲಾವಾ ಪದರಪದರವಾಗಿ ಹರಿಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಎರೆಮಣ್ಣಿಗೆ ಮೂಲವಾದ ಕರಿಶಿಲೆಯೂ ಇದೇ. ಲಾವಾ ತಣಿಯುವಾಗ ಒಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಮುಂದೆ ಖನಿಜಾಂಶ ಕರಗಿದ್ದ ಬಿಸಿನೀರು ಅವುಗಳೊಳಗೆ ಇಳಿದು, ಮೊದಲು ಸ್ಟಿಲ್ಬೈಟ್‌ನಂಥ ಬಿಳಿಯ ಜಿಯೋಲೈಟ್‌ಗಳನ್ನು ಬೆಳೆಸಿತು. ಅವುಗಳ ಮೇಲೆ ನೀಲಿಯ ಪುಟ್ಟ ಚೆಂಡುಗಳಂತೆ ಕ್ಯಾವನ್ಸೈಟ್ ಅರಳಿತು. ಅದಕ್ಕೆ ಬಣ್ಣ ಕೊಟ್ಟದ್ದು ವನೇಡಿಯಂ.

ನೀಲಿ ಖನಿಜ ಕಂಡರೆ ತಾಮ್ರದ ಅದಿರೆಂದು ಭಾವಿಸುವುದು ಸಹಜ. ಆದರೆ ತಾಮ್ರದ ಅಜುರೈಟ್ ನೀರಿಗಿಂತ ಸುಮಾರು 3.8 ಪಟ್ಟು ಭಾರ, ಕ್ಯಾವನ್ಸೈಟ್ 2.3 ಪಟ್ಟು ಮಾತ್ರ. ಅಜುರೈಟ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ತಾಗಿದರೆ ನೊರೆ ಏಳುತ್ತದೆ. ಸಿಲಿಕೇಟ್ ಆದ ಕ್ಯಾವನ್ಸೈಟ್‌ನಲ್ಲಿ ಏಳದು. ಕಾಠಿಣ್ಯದ ಅಳತೆಯಲ್ಲಿ ಇದು 3ರಿಂದ 4. ಚಾಕುವಿನ ಮೊನೆಗೇ ಗೀರು ಬೀಳುತ್ತದೆ. ಆದ್ದರಿಂದ ಆಭರಣಕ್ಕೆ ಇದು ತಕ್ಕುದಲ್ಲ.

ನಿಜವಾದ ತೊಡಕು ಒಡಹುಟ್ಟಿನದು. ಆರೆಗಾನ್‌ನಲ್ಲೇ ಪತ್ತೆಯಾಗಿ, ವಾಘೋಲಿಯಲ್ಲೂ ದೊರೆತ ಪೆಂಟಗೊನೈಟ್ ಎಂಬ ನೀಲಿ ಖನಿಜದ ರಾಸಾಯನಿಕ ಸೂತ್ರ ಕ್ಯಾವನ್ಸೈಟಿನದೇ. ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಐದು ಮೂಲೆಯ ನಕ್ಷತ್ರದಂತೆ ಕೂಡಿ ಬೆಳೆದ ಅವಳಿ ಹರಳು ಕಂಡರೆ ಅದು ಪೆಂಟಗೊನೈಟ್. ಹೆಸರು ಬಂದದ್ದೂ ಅದರಿಂದಲೇ. ಆಕಾರ ಸ್ಪಷ್ಟವಿಲ್ಲದಾಗ ಕ್ಷಕಿರಣ ಪರೀಕ್ಷೆಯೇ ಗತಿ.

ಇಂಥ ಪರೀಕ್ಷೆಯ ಮಾತು ಬರುವುದು ಹರಳು ಉಳಿದರೆ ತಾನೆ? ಕಲ್ಲುಗಣಿ ನಡೆಯುವುದು ಜಲ್ಲಿಗಾಗಿ, ಹರಳಿಗಾಗಿ ಅಲ್ಲ. ಸಿಡಿಮದ್ದು ಸಿಡಿಯದಿದ್ದರೆ ಪೊಟರೆ ತೆರೆಯದು. ತೆರೆದ ಪೊಟರೆಯ ನೀಲಿಯನ್ನು ಯಾರೂ ಗುರುತಿಸದಿದ್ದರೆ ಅದು ಕಲ್ಲಿನೊಡನೆ ಯಂತ್ರದ ಬಾಯಿಗೆ ಬಿದ್ದು ಪುಡಿಯಾಗುತ್ತದೆ. ಕೋಟ್ಯಂತರ ವರ್ಷ ಕತ್ತಲಲ್ಲಿದ್ದ ಹರಳಿನ ಅಳಿವು ಉಳಿವು ಕೊನೆಗೆ ಗಣಿಯಲ್ಲಿ ದುಡಿಯುವವರ ಕಣ್ಣಿನ ಮೇಲೆ ನಿಂತಿದೆ.