ಜ್ವಾಳ ಒಬ್ಬರ ಬೆಳಿ ಅಲ್ಲ



ಹೋದ ಎಳ್ಳ ಅಮಾಸಿಗೆ ಭಜ್ಜಿ ಮಾಡಲಿಕ್ಕೆ ಹಸಿ ಕಡ್ಲಿ, ತೊಗರಿಕಾಯಿ, ಅವರಿಕಾಯಿ ಎಲ್ಲಾ ಬಸವಕಲ್ಯಾಣದ ಸಂತ್ಯಾಗ ಕೊಂಡು ತಂದೆವು. ಹೊಲಕ್ಕ ಒಯ್ದು ಚರಗ ಚೆಲ್ಲಿದೆವು. ಹೊಲದಾಗ ಬೆಳೆದದ್ದು ಹೊಲಕ್ಕ ಉಣಿಸೋ ಹಬ್ಬ ಇದು. ಅದಕ್ಕೂ ಪ್ಯಾಟಿ ಕಾಯಿ ತರೋ ಪಾಳಿ ಹ್ಯಾಂಗ ಬಂತು ಅಂತ ಅವತ್ತಿಂದ ವಿಚಾರ ಮಾಡ್ಲಿಕತ್ತೀನಿ.

ಅಜ್ಜನ ಕಾಲಕ್ಕ ನಮ್ಮ ಸೀಮಿ ನಿಜಾಮನ ರಾಜ್ಯದಾಗಿತ್ತು, ಕಲ್ಯಾಣಿ ನವಾಬರ ಜಾಗೀರು. 1948ಕ್ಕ ಹೈದರಾಬಾದ ಸಂಸ್ಥಾನ ಭಾರತಕ್ಕ ಸೇರಿತು, ಮರುವರ್ಷ ಜಾಗೀರು ರದ್ದಾದವು. 1956ಕ್ಕ ಮೈಸೂರು ರಾಜ್ಯಕ್ಕ ಬಂದೆವು. 1974ರ ತಿದ್ದುಪಡಿಯಿಂದ ಉಳುವವನಿಗೇ ಭೂಮಿ ಅಂದರು. ಇಷ್ಟರಾಗ ಹೊಲದ ಒಡೆಯರು ಬದಲಾದರು, ಬೆಳಿ ಬದಲಾಗಲಿಲ್ಲ.

ನಾ ಸಣ್ಣವ ಇದ್ದಾಗ ನೋಡಿದ್ದು ಹಿಂಗಿತ್ತು. ಮುಂಗಾರಿ ಜ್ವಾಳದಾಗ ತೊಗರಿ ಅಕ್ಕಡಿ ಸಾಲು, ನಡುವ ಹೆಸರು, ಬದಿಗೆ ಪುಂಡಿ. ಹಿಂಗಾರಿ ಬಿಳಿ ಜ್ವಾಳಕ್ಕ ಸುತ್ತ ಕುಸುಬಿ. ಅದರ ಮುಳ್ಳಿಗೆ ದನ ಒಳಗ ಬರ್ತಿದ್ದಿಲ್ಲ. ಪುಂಡಿ ಸೊಪ್ಪು ಪಲ್ಯಕ್ಕ, ನಾರು ಹಗ್ಗಕ್ಕ. ಕಣಕಿ ಎತ್ತಿಗೆ, ಎತ್ತಿನ ಸಗಣಿ ಹೊಲಕ್ಕ. ರಾಶಿ ದಿನ ಬಡಗೇರ, ಕಮ್ಮಾರ, ಕುಂಬಾರ ಎಲ್ಲರೂ ಕಣಕ್ಕ ಬಂದು ತಮ್ಮ ಆಯ ಒಯ್ತಿದ್ದರು.

ದೇಶದಾಗ ಮೊದಲನೇ ಹೈಬ್ರಿಡ್ ಜ್ವಾಳ ಸಿಎಸ್‌ಎಚ್-1 ಬಂದದ್ದು 1964ಕ್ಕ. ಕಾಳು ಹೆಚ್ಚು, ದಂಟು ಗಿಡ್ಡ. ಕಣಕಿ ಅಲ್ಲಿಂದಲೇ ಕಡಿಮಿ ಆಗಲಿಕ್ಕೆ ಹತ್ತಿತು. ನೀರಿದ್ದವರು ಕಬ್ಬಿಗೆ ಹೊರಳಿದರು. ಆಮ್ಯಾಲ ಸೋಯಾ ಬಂತು. ನಾವು ಬಿತ್ತೋ ಜೆಎಸ್-335 ತಳಿ ಮಧ್ಯಪ್ರದೇಶದ್ದು, 1994ರ ಬಿಡುಗಡೆ. ಇವತ್ತು ರಾಜ್ಯದಾಗ ಸೋಯಾ ಅಂದ್ರ ಬೀದರ ಜಿಲ್ಲೆ.

ಸೋಯಾಕ್ಕ ನಾ ಬೈಯಂಗಿಲ್ಲ. ಮೂರೂವರಿ ತಿಂಗಳಿಗೆ ಕೈಯಾಗ ರೊಕ್ಕ ಬರ್ತದ. ನನ್ನ ಮಗಳ ಕಾಲೇಜು ಫೀ ಕಟ್ಟಿದ್ದು ಅದರಿಂದಲೇ. ಆದರ ಕಣಕಿ ಹೋಯ್ತು, ಕಣಕಿ ಇಲ್ಲದಕ್ಕ ಎತ್ತು ಹೋದವು, ಎತ್ತಿಲ್ಲದಕ್ಕ ಕೂರಿಗಿ, ತಿಪ್ಪಿಗೊಬ್ಬರ ಹೋದವು. ಬಡಗೇರರ ಮಗ ಈಗ ಹೈದರಾಬಾದಿನಾಗ ಫರ್ನಿಚರ್ ಕೆಲಸಕ್ಕ ಇದ್ದಾನ. ನಡುವಿನ ಬದು ಟ್ರ್ಯಾಕ್ಟರ್ ತಿರುಗಲಿಕ್ಕೆ ಅಡ್ಡ ಅಂತ ಕೆಡವಿದೆವು. ಬದುವಿನ ಮ್ಯಾಲಿನ ಬನ್ನಿ, ಜಾಲಿ ಗಿಡನೂ ಹೋದವು. ಈಗ ದೊಡ್ಡ ಮಳಿ ಬಿದ್ರ ಕರಿ ಮಣ್ಣು ಸೀದಾ ಹಳ್ಳಕ್ಕ ಹೋಗ್ತದ.

ಮೂರು ವರ್ಷದ ಹಿಂದ ಹಟ ಮಾಡಿ ಅರ್ಧ ಎಕರೆ ಬಿಳಿ ಜ್ವಾಳ ಹಾಕಿದ್ದೆ. ಸುತ್ತ ನಾಕೂ ಕಡಿ ಒಂದು ತೆನಿ ಇಲ್ಲ. ಸೀಮ್ಯಾನ ಹಕ್ಕಿ ಎಲ್ಲಾ ನನ್ನ ಹೊಲಕ್ಕೇ ಬಂದವು, ರಾತ್ರಿ ಹಂದಿ. ಒಂದು ಚೀಲನೂ ಆಗಲಿಲ್ಲ. ಮಗ ನಕ್ಕ. ಅವಾಗ ತಿಳೀತು. ಮೊದಲು ಹಕ್ಕಿ ಇದ್ದಿಲ್ಲ ಅಂತಲ್ಲ, ಅವು ತಿಂದದ್ದು ಊರಿನ ಎಲ್ಲಾ ಹೊಲಕ್ಕೂ ಹಂಚಿ ಹೋಗ್ತಿತ್ತು. ಹಕ್ಕಿ ಕಾಯಲಿಕ್ಕೂ ಹೊಲಕ್ಕೊಬ್ಬರು ಅಟ್ಟದ ಮ್ಯಾಲ ಇರ್ತಿದ್ದರು. ಜ್ವಾಳ ಊರೆಲ್ಲ ಕೂಡಿ ಬೆಳೆಯೋ ಬೆಳಿ. ಸೋಯಾ ಒಬ್ಬನೇ ಬಿತ್ತಬಹುದು, ಒಬ್ಬನೇ ಮಾರಬಹುದು. ನಾವು ಒಬ್ಬರಿಗೊಬ್ಬರು ಬ್ಯಾಡಾದದ್ದು ಅಲ್ಲಿಂದಲೇ ಅನಿಸ್ತದ.

ಅದಕ್ಕ ಒಂದು ಮಾತು. ಸೋಯಾ ಪೂರಾ ಬಿಡ್ರಿ ಅಂತ ಹೇಳಂಗಿಲ್ಲ. ನನ್ನ ಹೊಲಕ್ಕ ಹತ್ತಿದ ನಾಕು ಮಂದಿ ಒಂದೊಂದು ಎಕರೆ ಒಂದೇ ಕಡಿ ಬಿಡೋಣ. ಮುಂಗಾರಿಗೆ ಹೆಸರು, ಅದು ಕಿತ್ತ ಮ್ಯಾಲ ಹಿಂಗಾರಿಗೆ ಬಿಳಿ ಜ್ವಾಳ, ಸುತ್ತ ಕುಸುಬಿ. ಹಕ್ಕಿ ಕಾಯೋ ಪಾಳಿ ಹಚ್ಚಿಕೊಳ್ಳೋಣ. ನನ್ನ ಎಕರೆ ನಾ ಈಗಲೇ ಬಿಟ್ಟೀನಿ. ಬರೋರು ರೋಹಿಣಿ ಮಳಿ ಒಳಗ ಹೇಳ್ರಿ, ಬೀಜ ಹೊಂದಿಸಬೇಕು.